ಸಾತಪ್ಪನ ಮೀಸೆ

"ಇಲ್ಲಿ ನಾಕ ಕೂದಲಾ ಉಳದಾವ ನೋಡೋ," ಎಂದಳು ತಾಯವ್ವ. ಅವಳ ತೋರುಬೆರಳು ಮಗನ ಎಡಗಿವಿಯ ಕೆಳಗೆ ಬಂದು ನಿಂತಿತ್ತು. "ಕಣ್ಣ ಇರೂದು ನಿನಗೋ ನನಗೋ?"

"ನಿನ್ನ ಬೆರಳಿಗೆ ಅದಾವಲ್ಲಬೇ, ಸಾಕು," ಎಂದ ಸಾತಪ್ಪ. ಒಣಗುತ್ತಿದ್ದ ಗಲ್ಲಕ್ಕೆ ಮತ್ತಿಷ್ಟು ನೊರೆ ಹಚ್ಚಿ, ಆ ನಾಲ್ಕು ಕೂದಲನ್ನು ಕೆರೆದು ತೆಗೆದು, ಮುಖವನ್ನು ಪುನಃ ಅವಳ ಕೈಗೆ ಒಪ್ಪಿಸಿದ.

ಘೋಡಗೇರಿಯ ಆ ಮನೆಯ ಕಟ್ಟೆಯ ಮೇಲೆ ಇದು ದಿನಾ ಮುಂಜಾನೆ ನಡೆಯುವ ಕೆಲಸ. ಕಂಬದ ಮೊಳೆಗೆ ಅಂಗೈಯಗಲದ ಕನ್ನಡಿ, ಕೆಳಗೆ ಬಿಸ್ಕೀಟಿನ ಹಳೆಯ ಡಬ್ಬಿ, ಅದರೊಳಗೆ ಬ್ರಶ್ಶು, ರೇಜರ್, ಪಟಿಕದ ಕಲ್ಲು, ಸಣ್ಣ ಕತ್ತರಿ, ಎರಡು ಹಣಿಗೆ. ಐವತ್ನಾಲ್ಕು ವರ್ಷದ ಸಾತಪ್ಪ ದಾಡಿ ಮಾಡಿಕೊಳ್ಳದೆ ಚಹಾ ಕುಡಿದವನಲ್ಲ. ಕಬ್ಬಿನ ಹೊಲಕ್ಕೆ ಹೋಗುವವನಿಗೆ ದಿನಾ ಎಂಥ ದಾಡಿ, ಕಬ್ಬೇನು ಹೆಣ್ಣು ಕೊಡುತ್ತದೆಯೇ ಎಂದು ಓಣಿಯವರು ನಗುತ್ತಿದ್ದರು. ನಕ್ಕರೆ ನಗಲಿ ಎಂದು ಅವನು ಗಲ್ಲಕ್ಕೆ ಪಟಿಕ ತಿಕ್ಕುತ್ತಿದ್ದ, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆಯುತ್ತಿದ್ದ, ಕಡೆಗೆ ಮೀಸೆಗೆ ಕೈ ಹಾಕುತ್ತಿದ್ದ. ಮೀಸೆಯ ಸರದಿ ಬಂತೆಂದರೆ ಎಮ್ಮೆ ಹಗ್ಗ ಹರಿದುಕೊಂಡು ಹೋದರೂ ಅವನಿಗೆ ತಿಳಿಯುತ್ತಿರಲಿಲ್ಲ. ಒಂದು ಹನಿ ಔಡಲೆಣ್ಣೆ ತಾಗಿಸಿ, ಬಾಚಿ, ತುಟಿಯ ಮೇಲೆ ಇಳಿದದ್ದನ್ನು ಒಂದೊಂದಾಗಿ ಕತ್ತರಿಸಿ, ತುದಿಗಳನ್ನು ಮೇಲಕ್ಕೆ ತಿರುವುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಅದಕ್ಕೆ ಕಪ್ಪು ಹಚ್ಚುವ ಗುಟ್ಟು ಹೆಂಡತಿ ನಂದಾಳಿಗೆ ಮಾತ್ರ ಗೊತ್ತೆಂದು ಅವನು ನಂಬಿದ್ದ. ಊರಿಗೆಲ್ಲ ಗೊತ್ತಿತ್ತು.

ತಾಯವ್ವನ ಎರಡೂ ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತು. ಅಂದಿನಿಂದ ದಾಡಿ ಮುಗಿದ ಕೂಡಲೇ ಮಗ ಅವಳು ಮಲಗುವ ಹೊರಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು, ಅವಳು ಹಣೆಯಿಂದ ಗದ್ದದವರೆಗೆ ಕೈಯಾಡಿಸಿ ತಪ್ಪು ಹುಡುಕುವುದು ರೂಢಿಯಾಯಿತು. ಮೊದಮೊದಲು ಅವಳಿಗೆ ಹೊತ್ತು ಹೋಗಲಿ ಎಂದು ಸಾತಪ್ಪ ಬೇಕೆಂದೇ ಅಲ್ಲಲ್ಲಿ ಬಿಟ್ಟಿರುತ್ತಿದ್ದ. ಈಚೆಗೆ ಅವನ ಕಣ್ಣೂ ಮಂಜಾಗಿ ಖರೇನೇ ಉಳಿಯುತ್ತಿದ್ದವು.

"ಇವತ್ತ ಯಾ ವಾರ?" ಎಂದು ಕೇಳಿದಳು ತಾಯವ್ವ, ಕೈ ಇನ್ನೂ ಅವನ ಗಲ್ಲದ ಮೇಲಿರುವಾಗಲೇ.

"ಸೋಮವಾರಬೇ."

"ಅಂದ್ರ ಬೇಸ್ತವಾರಕ್ಕ ಮೂರ ದಿನ." ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಶಿದ್ರಾಮ ಬರದ ಆರ ಬೇಸ್ತವಾರ ಆತು. ನೀವ ನನಗ ಏನೇನೋ ಹೇಳಾಕತ್ತೀರಿ. ನಾ ಇನ್ನ ಕೇಳೂದಿಲ್ಲ. ಅವ ಬಂದು ನನ್ನ ಮುಂದ ಕುಂಡ್ರೂತನಕ ರೊಟ್ಟಿ ಮುಟ್ಟೂದಿಲ್ಲ ನೋಡು."

ಶಿದ್ರಾಮ ಸಾತಪ್ಪನ ಅಣ್ಣ. ಮೂವತ್ನಾಲ್ಕು ವರ್ಷ ಸರಕಾರಿ ಬಸ್ಸಿನ ಡ್ರೈವರನಾಗಿದ್ದು, ನಿವೃತ್ತಿಯಾದ ಮೇಲೆ ಮೂರು ವರ್ಷದಿಂದ ಮೂಡಲಗಿಯಲ್ಲಿ ಹೆಂಡತಿ, ಮಗನ ಜೊತೆ ಆರಾಮಾಗಿದ್ದವನು. ಪ್ರತಿ ಬೇಸ್ತವಾರ ಗೋಕಾಕದಿಂದ ಬರುವ ಹತ್ತರ ಬಸ್ಸಿಗೆ ಇಳಿದು, ತಾಯಿಯ ಬಾಯಿಗೆ ಕರದಂಟಿನ ಒಂದು ಚೂರು ಇಟ್ಟು, ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತಿದ್ದ. ಹಲ್ಲಿಲ್ಲದ ತಾಯವ್ವ ಆ ಚೂರನ್ನು ತಾಸುಗಟ್ಟಲೆ ಚೀಪುತ್ತ ಮಗನ ಕೈ ಹಿಡಿದು ಕೂತಿರುತ್ತಿದ್ದಳು. ಅವನು ಸತ್ತು ಆರು ವಾರವಾಗಿತ್ತು. ಒಂದು ಮುಂಜಾನೆ ದಾಡಿ ಮಾಡಿಕೊಂಡು, ಮುಖಕ್ಕೆ ಪೌಡರು ಹಚ್ಚಿ, ತಿಂಡಿಗೆಂದು ಕೂತವನು ಅಲ್ಲೇ ಬಾಜೂಕ್ಕೆ ವಾಲಿದ್ದ. ದವಾಖಾನೆಯ ಮೆಟ್ಟಿಲು ಹತ್ತುವುದರೊಳಗೆ ಎಲ್ಲ ಮುಗಿದಿತ್ತು.

ತಾಯವ್ವನಿಗೆ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಅವಳು ಎದೆ ಹಿಡಿದುಕೊಂಡು ಬಿದ್ದಾಗ ಹುಕ್ಕೇರಿಯ ಡಾಕ್ಟರು, ಈ ಎದೆ ಇನ್ನೊಂದು ಪೆಟ್ಟು ತಡೆಯುವುದಿಲ್ಲ, ಕೆಟ್ಟ ಸುದ್ದಿ ಕಿವಿಗೆ ಹಾಕಬೇಡಿ ಎಂದಿದ್ದರು. ಹಾಗಾಗಿ ಅಣ್ಣನ ಮಣ್ಣಿಗೆ ಹೊರಟ ಸಾತಪ್ಪ, ಮೂಡಲಗಿಯಲ್ಲಿ ಮದುವೆಯಿದೆ ಎಂದು ತಾಯಿಗೆ ಹೇಳಿ ಹೋದ. ತಿರುಗಿ ಬರುವಾಗ ಮದುವೆಯ ಸಿಹಿ ಎಲ್ಲಿ ಎಂದು ಕೇಳಿಯಾಳೆಂದು ಹೆದರಿ ಬಸ್‌ಸ್ಟ್ಯಾಂಡಿನಲ್ಲಿ ಬೂಂದಿ ಲಾಡು ಕಟ್ಟಿಸಿಕೊಂಡ. ಅಣ್ಣನಿಗೆ ಮಣ್ಣು ಹಾಕಿದ ಕೈಯಿಂದಲೇ ಅದನ್ನು ಮುರಿದು ತಾಯಿಗೆ ತಿನ್ನಿಸಿದ. ಚೆನ್ನಾಗಿದೆ ಎಂದು ಅವಳು ಇನ್ನೊಂದು ಚೂರು ಬೇಡಿದಳು.

ಮೂರನೆಯ ದಿನ ಮನೆತನದ ಗಂಡಸರೆಲ್ಲ ತಲೆ, ಮೀಸೆ ಕೊಟ್ಟರು. ಶಿದ್ರಾಮನ ಮಗ ಕಿಶೋರ ಕೊಟ್ಟ, ದೂರದ ದಾಯಾದಿಗಳೂ ಕೊಟ್ಟರು. ಹಿರಿಯರು ಹೋದಾಗ ಕಿರಿಯರು ಮೀಸೆ ತೆಗೆಯುವುದು ಅವರಲ್ಲಿ ತಪ್ಪದ ಪದ್ಧತಿ; ಇಪ್ಪತ್ತೆರಡು ವರ್ಷದ ಹಿಂದೆ ಅಪ್ಪ ಸತ್ತಾಗ ಸಾತಪ್ಪನೂ ತೆಗೆಸಿದ್ದ. ಈ ಸಲ ಅವನು ಕೂರಲಿಲ್ಲ.

"ಅಪ್ಪನ ಜಾಗಾದಾಗ ಇದ್ದಂವ ಹೋಗ್ಯಾನ, ನಿನಗ ಇನ್ನೂ ಮೀಸಿ ಮ್ಯಾಲ ಆಸೆ ಐತೇನೋ?" ಎಂದು ಸೋದರಮಾವ ನಾಲ್ಕು ಜನರೆದುರು ಕೇಳಿಬಿಟ್ಟ.

"ಅವ್ವ ದಿನಾ ಮಾರಿ ಮುಟ್ಟಿ ನೋಡತಾಳೋ ಮಾಮಾ," ಎಂದ ಸಾತಪ್ಪ. ಕೆಲವರು ಹೌದೆಂದರು, ಕೆಲವರು ಮುಖ ತಿರುಗಿಸಿಕೊಂಡರು. ಸೂತಕದಲ್ಲಿ ಗಂಡಸರು ಮುಖಕ್ಕೆ ಬ್ಲೇಡು ತಾಗಿಸುವುದಿಲ್ಲ. ಸಾತಪ್ಪ ಆ ಹದಿಮೂರು ದಿನವೂ ಮುಂಜಾನೆ ದಾಡಿ ಮಾಡಿಕೊಂಡು, ಮೀಸೆಗೆ ಎಣ್ಣೆ ಹಚ್ಚಿ, ತಾಯಿಯ ಮುಂದೆ ಕೂತ. ಆಮೇಲೆ ತಲೆಗೆ ಟವೆಲ್ಲು ಸುತ್ತಿ, ಅರ್ಧ ಮುಖ ಮುಚ್ಚಿಕೊಂಡು ಊರೊಳಗೆ ಓಡಾಡಿದ. ಅಣ್ಣನಿಗಾಗಿ ಕಣ್ತುಂಬ ಅಳುವುದಕ್ಕೂ ಅವನಿಗೆ ಒಂದು ಜಾಗ ಸಿಗಲಿಲ್ಲ.

ಸುಳ್ಳು ಹೇಳುವುದರಲ್ಲಿ ಅವನು ಮೊದಲಿನಿಂದಲೂ ಕಚ್ಚಾ. ಮೊದಲ ಬೇಸ್ತವಾರ ಶಿದ್ರಾಮನಿಗೆ ಮೊಣಕಾಲು ನೋವು ಎಂದ. ಎರಡನೆಯದಕ್ಕೆ ಜ್ವರ. ಮೂರನೆಯ ವಾರ ಏನೂ ಹೊಳೆಯದೆ, ಹಿತ್ತಲಲ್ಲಿ ನಿಂತು ನಂದಾಳ ಮೊಬೈಲಿಗೆ ಫೋನು ಹಚ್ಚಿ, "ಯವ್ವಾ, ನಾ ಶಿದ್ರಾಮ," ಎಂದ. ಅಣ್ಣತಮ್ಮರ ದನಿ ಒಂದೇ. ಫೋನಿನಲ್ಲಿ ಶಿದ್ರಾಮನ ಹೆಂಡತಿಯೇ ಎಷ್ಟೋ ಸಲ ಮೋಸಹೋಗಿದ್ದಳು. ತಾಯವ್ವ ನಂಬಿದಳು. ಆದರೆ ಸಮಾಧಾನವಾಗಲಿಲ್ಲ.

"ಫೋನಿನ್ಯಾಗ ಮಾತಾಡಾಕ ಅಂವ ಏನ್ ದುಬೈದಾಗ ಅದಾನ? ಮೂಡಲಗಿ ಐತಿ. ನನ್ನ ಕೈಗೆ ಅವನ ಮಾರಿ ಸಿಗಬೇಕು," ಎಂದಳು.

ಸೋಮವಾರ ಅವಳು ರೊಟ್ಟಿ ಮುಟ್ಟಲಿಲ್ಲ. ಮಂಗಳವಾರ ಅರ್ಧ ಕಪ್ಪು ಚಹಾ ಕುಡಿದು ಗೋಡೆಯ ಕಡೆ ಹೊರಳಿದಳು. ನಂದಾ ನುಚ್ಚು ಕುದಿಸಿ ಮಜ್ಜಿಗೆ ಕಲಸಿ ತಂದರೆ ತುಟಿ ಬಿಗಿಹಿಡಿದಳು. ಎಂಬತ್ನಾಲ್ಕರ ಮೈ, ಎರಡೇ ದಿನಕ್ಕೆ ಕೊರಳಿನ ಎಲುಬು ಎದ್ದು ಕಂಡವು. ಸುದ್ದಿ ಹೇಳಿದರೂ ಹೋಗುತ್ತಾಳೆ, ಹೇಳದಿದ್ದರೂ ಹೋಗುತ್ತಾಳೆ ಎಂದು ಸಾತಪ್ಪ ಕೊಟ್ಟಿಗೆಯಲ್ಲಿ ತಲೆಗೆ ಕೈಹಚ್ಚಿ ಕೂತ. ಅಲ್ಲಿಗೆ ನಂದಾ ಬಂದಳು.

"ಒಂದ ಮಾತ ಹೇಳತೇನಿ, ಸಿಟ್ಟಾಗಬ್ಯಾಡ್ರಿ."

"ಹೇಳು."

"ದನಿ ಇಬ್ಬರದೂ ಒಂದ. ಭಾವಾರ ಅಂಗಿ ಹಾಕ್ಕೊಂಡು, ಅವರ ಎಣ್ಣಿ ಹಚಗೊಂಡು, ಒಂದ ತಾಸ ನೀವ ಅತ್ತಿ ಮುಂದ ಕುಂತ್ರ..."

ಸಾತಪ್ಪನ ಕೈ ತಾನಾಗಿ ಮೀಸೆಗೆ ಹೋಯಿತು. ಶಿದ್ರಾಮ ನೌಕರಿಗೆ ಸೇರಿದ ದಿನದಿಂದ ಒಂದು ಕೂದಲೂ ಇಲ್ಲದಂತೆ ಮುಖ ನುಣ್ಣಗೆ ಇಟ್ಟವನು.

"ಇದು?"

"ಅದು ಬೆಳೀತೈತ್ರಿ. ಅತ್ತಿ ಹೋದ್ರ ತಿರುಗಿ ಬರ್ತಾರೇನ್ರಿ?"

"ಮರದಿನಾ ಮುಂಜಾನಿ ಮೀಸಿ ಎಲ್ಲಿ ಅಂದ್ರ?"

"ದಡ್ಡಿ ಊರಾಗ ನಮ್ಮ ತವರವರು ಕಬ್ಬ ಕಡಸಾಕತ್ತಾರ, ಅಲ್ಲಿಗಿ ಹೋಗ್ಯಾರ ಅಂತ ಹೇಳತೇನಿ. ತಿಂಗಳೊಪ್ಪತ್ತು ನೀವ ಅವರ ಕೈಗೆ ಸಿಗಬ್ಯಾಡ್ರಿ, ಅಷ್ಟ."

ಬುಧವಾರ ಸಾತಪ್ಪ ಮೂಡಲಗಿಗೆ ಹೋದ. ವೈನಿ, ಅಂದರೆ ಶಿದ್ರಾಮನ ಹೆಂಡತಿ, ಅವನು ಹೇಳಿದ್ದನ್ನೆಲ್ಲ ಸುಮ್ಮನೆ ಕೇಳಿ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಕಡೆಗೆ ಒಂದು ಪ್ಲಾಸ್ಟಿಕ್ ಚೀಲ ತಂದು ಎದುರಿಗಿಟ್ಟಳು. ನೆಲ್ಲಿಕಾಯಿ ಎಣ್ಣೆಯ ಸೀಸೆ, ಪೌಡರಿನ ಡಬ್ಬಿ, ನೀಲಿ ಗೆರೆಯ ಒಂದು ಅಂಗಿ.

"ಇದು ಅವತ್ತಿನ ಹಿಂದಿನ ದಿನಾ ಹಾಕ್ಕೊಂಡಿದ್ದ ಅಂಗಿ. ಒಗದಿಲ್ಲ. ಹಂಗ ಇಟ್ಟಿದ್ನಿ," ಎಂದಳು. ಸಾತಪ್ಪ ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದಾಗ ಹಿಂದಿನಿಂದ ಕರೆದಳು. "ತಿರುಗಿ ತಂದ ಕೊಡ್ರಿ. ನೀರಿಗೆ ಹಾಕಬ್ಯಾಡ್ರಿ." ಬರುವ ದಾರಿಯಲ್ಲಿ ಅವನು ಗೋಕಾಕದಲ್ಲಿ ಇಳಿದು, ಅಣ್ಣ ಒಯ್ಯುತ್ತಿದ್ದ ಅಂಗಡಿಯಿಂದಲೇ ಕರದಂಟು ತೆಗೆದುಕೊಂಡ.

ಬೇಸ್ತವಾರ ಮುಂಜಾನೆ ಡಬ್ಬಿ ಕಟ್ಟೆಯ ಮೇಲೆ ತೆರೆಯಲಿಲ್ಲ. ಅವನು ನಸುಕಿನಲ್ಲೇ ದಡ್ಡಿಗೆ ಹೋದ ಎಂದು ನಂದಾ ಅತ್ತೆಗೆ ಹೇಳಿದ್ದಳು. ಸಾತಪ್ಪ ಹಿತ್ತಲಿನ ಕೊಟ್ಟಿಗೆಯ ಹಿಂದೆ, ಕನ್ನಡಿಯನ್ನು ಬೇಲಿಯ ಗೂಟಕ್ಕೆ ಸಿಗಿಸಿ, ಹಳೆಯ ಪೇಪರು ಹಾಸಿ ಕೂತ. ದಿನದಂತೆ ನೊರೆ ಎಬ್ಬಿಸಿದ, ದಿನದಂತೆ ಬಲಗಲ್ಲದಿಂದ ಶುರುಮಾಡಿದ, ಗದ್ದ ಮುಗಿಸಿದ. ಇನ್ನು ಉಳಿದದ್ದು ಅದೊಂದೇ. ದೂರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಗುತ್ತಿತ್ತು. ಆ ಹಾಡು ಪೂರ್ತಿ ಕೇಳದಾಗುವವರೆಗೆ ಅವನು ಕತ್ತರಿ ಹಿಡಿದು ಹಾಗೇ ಕೂತಿದ್ದ.

ಮೊದಲ ತುಂಡು ಪೇಪರಿನ ಮೇಲೆ ಬಿದ್ದಾಗ ಅವನಿಗೆ ಏನೂ ಅನ್ನಿಸಲಿಲ್ಲ. ಕತ್ತರಿ ಕೆಳಗಿಟ್ಟು, ನೊರೆ ಹಚ್ಚಿ, ರೇಜರನ್ನು ಮೂಗಿನ ಕೆಳಗೆ ಇಳಿಸಿದ. ಮೂಡಲಗಿಯಲ್ಲಿ ಎಲ್ಲರ ಜೊತೆ ಕೂತು, ಎಲ್ಲರಂತೆ ಕೊಡಬೇಕಾಗಿದ್ದ ಮೀಸೆ. ಆರು ವಾರ ತಡವಾಗಿ, ಕಳ್ಳನಂತೆ ಸಗಣಿಯ ಗುಂಡಿಯ ಬಾಜೂಕ್ಕೆ ಕೂತು ಕೊಡುತ್ತಿದ್ದೇನೆ ಎನ್ನಿಸಿ ಅವನ ಎದೆ ಒಡೆದುಬಂತು. ಅಣ್ಣಾ, ಎಂದ. ದನಿ ಹೊರಗೆ ಹೋಗಬಾರದೆಂದು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಅತ್ತ. ನೊರೆ, ಕಣ್ಣೀರು, ಕೂದಲು ಎಲ್ಲ ಕೂಡಿ ಗದ್ದದಿಂದ ಇಳಿಯಿತು. ನಂದಾ ಕೊಟ್ಟಿಗೆಯ ಮರೆಯಲ್ಲಿ ನಿಂತು ನೋಡಿದಳು, ಹತ್ತಿರ ಬರಲಿಲ್ಲ.

ಹತ್ತು ಗಂಟೆಯ ಬಸ್ಸು ಊರ ಮುಂದೆ ಹಾರ್ನು ಹೊಡೆದ ಮೇಲೆ ಅವನು ಹಿತ್ತಲಿನಿಂದ ಓಣಿ ಸುತ್ತಿ ಮುಂಬಾಗಿಲಿಗೆ ಬಂದ. ನೆಲ್ಲಿಕಾಯಿ ಎಣ್ಣೆ ಹಚ್ಚಿ ತಲೆಯನ್ನು ಹಿಂದಕ್ಕೆ ಬಾಚಿದ್ದ. ಮುಖಕ್ಕೆ ಪೌಡರು. ಮೈಮೇಲೆ ಅಣ್ಣನ ಅಂಗಿ. ಎದುರಿಗೆ ಸಿಕ್ಕ ಪಕ್ಕದ ಮನೆಯ ಮುದುಕಿ ಅವನನ್ನು ನೋಡಿ ಸೆರಗು ಬಾಯಿಗೆ ಹಿಡಿದಳು. ಅಣ್ಣ ಮಾಡುವಂತೆಯೇ ಅವನು ಹೊಸ್ತಿಲಲ್ಲಿ ಎರಡು ಸಲ ಕೆಮ್ಮಿ, ಚಪ್ಪಲಿಯನ್ನು ಒಂದರ ಮೇಲೊಂದು ಬಡಿದು ಬಿಟ್ಟ.

"ಯವ್ವಾ, ಶಿದ್ರಾಮ ಬಂದೇನಿ."

ತಾಯವ್ವ ಹೊರಸಿನ ಮೇಲೆ ಎದ್ದು ಕೂತಳು. ಮೂರು ದಿನದ ಉಪವಾಸದ ಮುಖ ಒಮ್ಮೆಲೇ ಅರಳಿತು. "ಬಂದಿಯೇನೋ ನನ್ನಪ್ಪಾ! ಮೊಣಕಾಲ ಹೆಂಗ ಐತಿ? ಬಾ ಇಲ್ಲೆ, ಹತ್ರ ಬಾ," ಎಂದು ಎರಡೂ ಕೈ ಮುಂದೆ ಚಾಚಿದಳು. ಅವನು ಹೊರಸಿನ ಮುಂದೆ ಕೂತ. ಅವಳು ಅಂಗಿಯ ಎದೆಗೆ ಮೂಗು ಹಚ್ಚಿ ಉಸಿರೆಳೆದಳು, ಬಿಟ್ಟಳು, ಮತ್ತೆ ಎಳೆದಳು. ಬಾಗಿಲ ಹತ್ತಿರ ನಿಂತ ನಂದಾಳಿಗೆ ಅದನ್ನು ನೋಡಿ ಕೈಯಲ್ಲಿದ್ದ ರೊಟ್ಟಿಯ ತಾಟು ಹಗುರಾಯಿತು. ದೇವರೇ, ಇನ್ನೆರಡು ತುತ್ತು ಹೋದರೆ ಸಾಕು ಎಂದುಕೊಂಡಳು.

ತಾಯವ್ವನ ಕೈ ಮಗನ ಕೂದಲಿಗೆ ಬಂತು, ಹಣೆಗೆ ಇಳಿಯಿತು, ಪೌಡರಿನ ಗಲ್ಲ ಸವರಿತು. "ಸೊರಗಿ ಹೋಗೀಯಪಾ," ಎಂದಳು. ಎರಡು ಬೆರಳು ಮೂಗಿನ ಬದಿಯಿಂದ ಜಾರಿ ಮೇಲ್ದುಟಿಯ ಮೇಲೆ ಬಂದವು. ಅಲ್ಲಿ ನಿಂತವು.

ಬೆರಳು ಈ ತುದಿಯಿಂದ ಆ ತುದಿಗೆ ಹೋಯಿತು. ತಿರುಗಿ ಬಂತು. ಮೂವತ್ತೇಳು ವರ್ಷ ದಿನಾ ಬ್ಲೇಡು ಓಡಾಡಿದ ತುಟಿ ಮುಟ್ಟಿದರೆ ಒರಟು. ಬಿಸಿಲನ್ನೇ ಕಾಣದ ಈ ತುಟಿ ಎಳೆಕೂಸಿನದರಂತೆ ಮೆತ್ತಗಿತ್ತು. ಅಂಗಿ, ಎಣ್ಣೆ, ಕೆಮ್ಮು, ಚಪ್ಪಲಿ ಎಂದು ಗಂಡಹೆಂಡತಿ ಎಲ್ಲವನ್ನೂ ಲೆಕ್ಕ ಹಾಕಿದ್ದರು. ದಿನಾ ಮುಂಜಾನೆ ತಡವಿ ತಡವಿ ಕಿರಿಯ ಮಗನ ಮುಖವನ್ನು ಬಾಯಿಪಾಠ ಮಾಡಿಕೊಂಡ ಬೆರಳುಗಳವು ಎಂಬುದನ್ನು ಮರೆತಿದ್ದರು.

"ನಿಮ್ಮಪ್ಪ ಹೋದಾಗ ಹಿಂಗ ಮೆತ್ತಗ ಇತ್ತು ಇದು," ಎಂದಳು ತಾಯವ್ವ.

ಹಿತ್ತಲಿನ ಎಮ್ಮೆ ಒಂದು ಸಲ ಕೂಗಿ ಸುಮ್ಮನಾಯಿತು.

"ಜಳಕಾ ಮಾಡೀಯೇನೋ, ಸಾತ್ಯಾ?" ಅವಳ ದನಿ ತಗ್ಗಿತ್ತು, ಅದರಲ್ಲಿ ಸಿಟ್ಟಿರಲಿಲ್ಲ. "ಮೀಸಿ ಕೊಟ್ಟಂವ ಜಳಕಾ ಮಾಡದ ಒಳಗ ಬರಬಾರದು. ಅಷ್ಟೂ ತಿಳೀಲಿಲ್ಲೇನ ನಿನಗ?"

"ಯವ್ವಾ..." ಸಾತಪ್ಪ ಅವಳ ಮಡಿಲಲ್ಲಿ ಮುಖ ಹುದುಗಿಸಿದ. ನಂದಾ ತಾಟು ಕೆಳಗಿಟ್ಟು ಓಡಿಬಂದು ಅತ್ತೆಯ ಬೆನ್ನಿಗೆ ಕೈ ಕೊಟ್ಟಳು. ಈಗ ಬಿದ್ದಾಳು, ಈಗ ಬಿದ್ದಾಳು ಎಂದು ಹಿಡಿದುಕೊಂಡೇ ನಿಂತಳು. ತಾಯವ್ವ ಬೀಳಲಿಲ್ಲ. ಕಾಣದ ಕಣ್ಣನ್ನು ಬಾಗಿಲಿನ ಕಡೆ ನೆಟ್ಟು, ಮಗನ ಬೆನ್ನು ಸವರುತ್ತ ಕೂತಳು.

"ಎಂದ ಹೋದ ಅಂವ?"

"ಆರ ವಾರ ಆತಬೇ."

ಅವಳ ಬೆರಳು ಅವನ ಬೆನ್ನ ಮೇಲೆ ಏನನ್ನೋ ಎಣಿಸಿದವು. "ಅಂದ್ರ ಆ ಮದವಿ..." ಎಂದು ನಿಂತಳು. "ಅವತ್ತ ನೀ ನನಗ ಲಾಡು ತಿನ್ನಿಸಿದಿ. ನನ್ನ ಮಗನ ಮಣ್ಣಿನ ದಿನಾ ನಾ ಇನ್ನೊಂದ ಬೇಡಿ ತಿಂದ್ನಲ್ಲೋ." ಆಗ ಅವಳಿಗೆ ಅಳು ಬಂತು. ದೊಡ್ಡ ಅಳುವಲ್ಲ, ನೀರು ಬತ್ತಿದ ಸಣ್ಣ ಅಳು, ಮೈಯೆಲ್ಲ ಕುಲುಕುವಂಥದ್ದು. ಅದು ನಿಲ್ಲುವವರೆಗೆ ಗಂಡಹೆಂಡತಿ ಅವಳನ್ನು ಹಿಡಿದುಕೊಂಡಿದ್ದರು.

"ನನ್ನ ಬಚ್ಚಲಿಗೆ ಒಯ್ಯಿರಿ," ಎಂದಳು ಕಡೆಗೆ. "ಸುದ್ದಿ ಕೇಳಿದ ಮ್ಯಾಲ ಹಿಂಗ ಕುಂಡ್ರಬಾರದು. ತಲಿ ಮ್ಯಾಲ ನೀರ ಹಾಕ್ರಿ."

"ಕಾಸತೇನ್ರಿ ಅತ್ತಿ, ಥಂಡಿ ಭಾಳ ಐತಿ," ಎಂದಳು ನಂದಾ.

"ಬ್ಯಾಡ. ಸುದ್ದಿ ಜಳಕಾ ತಣ್ಣೀರಲೇ ಮಾಡೂದು."

ಸಾತಪ್ಪ ಅಣ್ಣನ ಅಂಗಿಯನ್ನು ಬಿಚ್ಚಿ, ಮಡಚಿ, ಒಂದು ಹನಿ ನೀರೂ ಸಿಡಿಯದಂತೆ ಒಳಗೆ ಇಡಲು ನಂದಾಳ ಕೈಗೆ ಕೊಟ್ಟ. ತಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಬಚ್ಚಲಿನ ಕಲ್ಲಿನ ಮೇಲೆ ಸೀರೆ ಸಮೇತ ಕೂರಿಸಿದ. ಹೊತ್ತದ್ದೇ ತಿಳಿಯದಷ್ಟು ಹಗುರಾಗಿದ್ದಳು. ನಂದಾ ತಿರುಗಿ ಬಂದು ಅತ್ತೆಯ ತುರುಬು ಬಿಚ್ಚಿ ಹಿಂದೆ ಆನಿಸಿಕೊಂಡು ನಿಂತಳು. ಅವನು ತಂಬಿಗೆ ತುಂಬಿ, ಒಂದು ಕೈಯನ್ನು ಅವಳ ಹಣೆಗೆ ಅಡ್ಡ ಹಿಡಿದು, ನಿಧಾನವಾಗಿ ಸುರಿದ. ತಾಯವ್ವನ ಮೈ ಒಮ್ಮೆ ಜುಮ್ಮೆಂದಿತು. ಬಿಳಿ ಕೂದಲು ತಲೆಗೆ ಅಂಟಿಕೊಂಡವು.

"ಅವಗ ಯಾರ ನೀರ ಹಾಕಿದ್ರು?" ಎಂದು ಕೇಳಿದಳು.

"ನಾನ ಹಾಕೇನಬೇ."

"ಹಿಂಗ ತಣ್ಣಗ ಇತ್ತೇನು?"

"ಇಲ್ಲಬೇ. ವೈನಿ ಕಾಸಿ ಕೊಟ್ರು. ಬೆಚ್ಚಗಿತ್ತು."

"ಛಲೋ ಆತು," ಎಂದಳು ತಾಯವ್ವ. "ಸಣ್ಣಾಂವ ಇದ್ದಾಗಿಂದ ಅವಗ ತಣ್ಣೀರ ಆಗತಿದ್ದಿಲ್ಲ." ಮತ್ತೆ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಹಾಕು, ಎಂದಳು.